ನಡುಗುವ ಕೈಗೊಂದು ನಡುಗದ ಚೌಕಟ್ಟು

ಬೆಳಗಿನ ಐದೂವರೆ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗೆರೆ ಮೇಸ್ತ್ರಿ ಅಳತೆ ಟೇಪಿನ ತುದಿ ಹಿಡಿದು ಮಂಡಿಯೂರಿದ್ದಾರೆ. ಇನ್ನೊಂದು ತುದಿ ಹೆಂಡತಿಯ ಕೈಯಲ್ಲಿದೆ. ಕಬ್ಬಿಣದ ಚೌಕಟ್ಟನ್ನು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ, ಎರಡೂ ಕರ್ಣಗಳಲ್ಲಿ ಅಳೆಯುತ್ತಾರೆ. ಎರಡೂ ಅಳತೆ ಒಂದೇ ಬಂದರೆ ಚೌಕ ನೆಟ್ಟಗಿದೆ ಎಂದರ್ಥ.

"ಬಿಸಿಲು ಬಿದ್ರೆ ಕಬ್ಬಿಣ ಹಿಗ್ಗುತ್ತೆ. ಈಗಿನ್ನೂ ಮಲಗಿದೆ, ಸುಳ್ಳು ಹೇಳಲ್ಲ," ಎನ್ನುತ್ತಾರೆ ಮೇಸ್ತ್ರಿ. ಟೇಪು ಹಿಡಿದ ಬಲಗೈ ಒಂದೇ ಸಮನೆ ನಡುಗುತ್ತಿದೆ. ಹಾಗಾಗಿ ಅಂಕಿ ಓದುವುದು ಹೆಂಡತಿಯ ಕೆಲಸ.

ಅರವತ್ತೊಂದರ ಈ ಬಡಗಿ ನಲವತ್ತು ವರ್ಷ ಬಾಗಿಲು ಕೆತ್ತಿದವರು. ಉಳಿ ಇಟ್ಟರೆ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ, ಅದಕ್ಕೇ ಬೀದಿಯವರಿಟ್ಟ ಹೆಸರು ಗೆರೆ ಮೇಸ್ತ್ರಿ. ಮೂರು ವರ್ಷದ ಹಿಂದೆ ನರದ ಕಾಯಿಲೆ ಬಂತು. ಆಗ ಕೈಯಲ್ಲಿದ್ದದ್ದು ನಿವೃತ್ತ ಟೀಚರಮ್ಮನ ಜೋಡಿ ಬಾಗಿಲು. ಎಡ ಕದದಲ್ಲಿ ಬಳ್ಳಿ ಅರಳಿತ್ತು, ಬಲ ಕದ ಬೋಳಾಗಿಯೇ ಉಳಿಯಿತು. ಟೀಚರಮ್ಮ ಮುಂಬಾಗಿಲಿಗೆ ಪ್ಲೈವುಡ್ ಹೊಡೆಸಿಕೊಂಡು ಕಾದರು. ಈ ಭಾನುವಾರ ದಾಟಿದರೆ ಸಾದಾ ಹಲಗೆ ಹಾಕಿಸುತ್ತೇನೆ ಎಂದು ಈಗ ಹೇಳಿ ಕಳಿಸಿದ್ದಾರೆ. ಅವರದೇನೂ ತಪ್ಪಿಲ್ಲ ಬಿಡಿ.

ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ರೂಟರನ್ನು ಮೇಸ್ತ್ರಿ ತಾವೇ ಕಟ್ಟಲು ಹೊರಟದ್ದು ಕಾಯಿಲೆ ಬಂದಾಗಲೇ. ಮೊದಲ ಚೌಕಟ್ಟಿಗೆ ಆರಿಸಿಕೊಂಡದ್ದು ಏನನ್ನು ಅಂತೀರಿ? ತೇಗದ ಮರ. ಮರ ಉಬ್ಬುತ್ತದೆ, ಕುಗ್ಗುತ್ತದೆ ಎಂದು ನಲವತ್ತು ವರ್ಷ ಗಿರಾಕಿಗಳಿಗೆ ಪಾಠ ಹೇಳಿದವರೇ ಮಾಡಿದ ಕೆಲಸ ಇದು. ಹೆತ್ತವರಿಗೆ ಹೆಗ್ಗಣ ಮುದ್ದು! ಮಳೆಗಾಲ ಬಂದದ್ದೇ ತಡ, ಯಂತ್ರ ಕೊರೆದ ವೃತ್ತ ಕೋಳಿಮೊಟ್ಟೆಯಾಯಿತು.

"ಇವರ ಮುಖ ನೋಡಕ್ಕಾಗ್ತಿರಲಿಲ್ಲ. ಮರ ನಂಗೆ ಮೋಸ ಮಾಡ್ತು ಕಣೇ ಅಂತ ಕೂತ್ರು. ಮೋಸ ಮಾಡಿದ್ದು ಮರ ಅಲ್ಲ ರೀ, ನಿಮ್ಮ ಪ್ರೀತಿ ಅಂದೆ," ಎಂದು ಹೆಂಡತಿ ನಗುತ್ತಾರೆ.

ಆಮೇಲೆ ಅಲ್ಯೂಮಿನಿಯಂ ತಂದರು. ಹಗುರ, ಕೊಯ್ಯಲು ಸುಲಭ. ಆದರೆ ಗಟ್ಟಿ ಮರಕ್ಕೆ ಕೊರೆಯುವ ಅಲಗು ತಾಗಿದೊಡನೆ ಅಡ್ಡತೊಲೆ ಬಾಗಿತು. ಕೊನೆಗೆ ದಪ್ಪ ಕಬ್ಬಿಣದ ಚೌಕ ಪೈಪು ತಂದು ಬೆಸುಗೆ ಹಾಕಿಸಿದರೆ, ಬೆಸುಗೆಯ ಬಿಸಿಗೆ ಅದೂ ಎರಡು ಮಿಲಿಮೀಟರ್ ತಿರುಚಿತು. ಎಲ್ಲ ಕತ್ತರಿಸಿ, ಬೋಲ್ಟಿನಲ್ಲಿ ಜೋಡಿಸಿ, ಅದುರಾಟ ತಗ್ಗಲೆಂದು ಪೈಪಿನೊಳಗೆ ಒಣ ಮರಳು ತುಂಬಿದರು. ಯಂತ್ರದ ಕೊರೆಯುವ ತಲೆ ಅತ್ತಿತ್ತ ಜಾರಲು ಬೇಕಾದ ಉಕ್ಕಿನ ಹಳಿಗಳು ಗುಜರಿಗೆ ಬಿದ್ದ ಪ್ಯಾಕಿಂಗ್ ಯಂತ್ರದಿಂದ ಬಂದವು. ಇನ್ನು ಸಮತಟ್ಟಾದ ತಳ ಬೇಕಿತ್ತು. ಮಟ್ಟಗೋಲು ಹಿಡಿದು ಮನೆಯೆಲ್ಲ ತಡಕಿದ ಮೇಸ್ತ್ರಿ ಬಂದು ನಿಂತದ್ದು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮುಂದೆ.

"ಬಾಯಿ ಬಿಟ್ಟು ಕೇಳ್ಲಿಲ್ಲ ಇವರು. ಕಲ್ಲನ್ನ ಸವರ್ತಾ ನಿಂತಿದ್ರು. ನಾನೇ ಒಲೆ ಕೆಳಗಿಳಿಸಿದೆ, ಕಲ್ಲು ಕೀಳಿಸಿ ಶೆಡ್ಡಿಗೆ ಸಾಗಿಸಿದ್ವಿ. ಈಗ ಮೇಜಿನ ಮೇಲೆ ಅಡುಗೆ, ನನ್ನ ಕಟ್ಟೆ ಮೇಲೆ ಇವರ ಮಿಷಿನ್ನು."

ಹಿಂದೆ ಟೈಪಿಸ್ಟ್ ಆಗಿದ್ದ ಆಕೆಯೇ ಎಡ ಕದದ ಬಳ್ಳಿಯನ್ನು ಕಾಗದಕ್ಕೆ ಉಜ್ಜಿ ತೆಗೆದು, ಬಲ ಕದಕ್ಕೆ ಹೊಂದುವಂತೆ ತಿರುಗಿಸಿ, ಚುಕ್ಕಿ ಚುಕ್ಕಿಯಾಗಿ ಕಂಪ್ಯೂಟರಿಗೆ ಏರಿಸಿದ್ದಾರೆ. ಹನ್ನೊಂದು ವಾರ ಹಿಡಿಯಿತು. ಇಂಥ ಜೋಡಿಯ ಮುಂದೆ ಮೂಗಿನ ಮೇಲೆ ಬೆರಳಿಡದೆ ಇನ್ನೇನು ಮಾಡುವುದು?

ಇಂದು ಶನಿವಾರ. ಕರ್ಣದ ಅಳತೆ ಎರಡೂ ಸರಿ ಬಂದಿವೆ. ಬಲ ಕದ ಕಲ್ಲಿನ ಮೇಲೇರುತ್ತದೆ. ಮೂರು ಗಂಟೆ ಯಂತ್ರ ಗುಂಯ್‌ಗುಡುತ್ತದೆ. ಹುಡಿ ಕೊಡವಿ ಎರಡು ಕದಗಳನ್ನು ಗೋಡೆಗೆ ಜೋಡಿಸಿ ನಿಲ್ಲಿಸುತ್ತಾರೆ. ಬಳ್ಳಿಯ ಕಾಂಡ ಎಡದಿಂದ ಬಲಕ್ಕೆ ದಾಟುವಲ್ಲಿ ಹೆಂಡತಿ ಕಣ್ಣು ಮುಚ್ಚಿ ಹೆಬ್ಬೆರಳು ಎಳೆಯುತ್ತಾರೆ.

"ಸಂದು ಬಿಟ್ರೆ ಗೆರೆ ಎಲ್ಲೂ ತಪ್ಪಿಲ್ಲ ರೀ."

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ. ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡಲೂ ಹೋಗುವುದಿಲ್ಲ. ಮುಂದಿನ ಆಸೆ ಏನೆಂದು ಕೇಳಿದರೆ ಬಾಗಿಲಿನತ್ತ ಕೈ ತೋರಿಸುತ್ತಾರೆ.

"ಒಂದು ಕದ ಗಟ್ಟಿ ಕೈ ಮಾಡಿದ್ದು, ಇನ್ನೊಂದು ನಡುಗೋ ಕೈ ಮಾಡಿದ್ದು. ನಾಳೆ ಟೀಚರಮ್ಮ ಬಂದಾಗ ಯಾವುದು ಯಾವುದು ಅಂತ ಕೇಳದೆ ಬಾಗಿಲು ತಗೊಂಡು ಹೋಗ್ಬೇಕು. ಅಷ್ಟೇ."