ಕೆಂಗೇರಿಯಲ್ಲಿ ನಲವತ್ತು ಹೆಜ್ಜೆ

ರಾಜಾಜಿನಗರದಿಂದ ಕೆಂಗೇರಿಗೆ ನಾನು ಎಷ್ಟು ಸಲ ಹೋಗಿದ್ದೇನೋ ನೆನಪಿಲ್ಲ. ಬೂಟು ಹಾಕಿಕೊಳ್ಳುವುದಕ್ಕಾಗಿ ಬಸ್ಸು ತಪ್ಪಿಸಿಕೊಂಡು ಹೋದದ್ದು ಮಾತ್ರ ಒಂದೇ ಸಲ. ಎಪ್ಪತ್ತರ ದಶಕದ ನಡುವಿನ ಒಂದು ಮಾರ್ಚ್ ತಿಂಗಳು. ಬೆಳಿಗ್ಗೆ ಎಂಟಕ್ಕೆ, ನನ್ನ ಜೊತೆ ಕೆಲಸ ಮಾಡುತ್ತಿದ್ದ ದಸ್ತಗೀರನ ಅಣ್ಣ ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬಂದರು. ತಮ್ಮ ಬೆಳಗಿನ ಜಾವ ಹೋದ, ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣು ಎಂದಷ್ಟೇ ಹೇಳಿ, ಕಾಫಿಯನ್ನೂ ಮುಟ್ಟದೆ ಇನ್ನೊಂದು ಮನೆಗೆ ಸುದ್ದಿ ಮುಟ್ಟಿಸಲು ಹೊರಟರು. ನಾನು ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಸ್ಟಾಪಿಗೆ ಹೋದೆ. ಬಸ್ಸು ಕಣ್ಣಿಗೆ ಬಿದ್ದ ಮೇಲೆ ಬೂಟಿನ ನೆನಪಾಯಿತು. ಬಸ್ಸನ್ನು ಹೋಗಲು ಬಿಟ್ಟು ಮನೆಗೆ ಓಡಿದೆ.

"ಸಾವಿನ ಮನೆಗೆ ಯಾರಾದ್ರೂ ಬೂಟ್ ಹಾಕ್ಕೊಂಡು ಹೋಗ್ತಾರಾ?" ಎಂದಳು ನನ್ನ ಹೆಂಡತಿ. ಸತ್ತವನೇ ಕೇಳಿಕೊಂಡಿದ್ದ ಎಂದೆ. ಅವಳು ಹಳೆಯ ಬಟ್ಟೆ ತಂದು ಬೂಟಿನ ಧೂಳು ಒರೆಸಿಕೊಟ್ಟಳು.

ನಾನು ದಾವಣಗೆರೆ ಕಡೆಯವನು, ಕೆಲಸದಲ್ಲಿ ಸರ್ವೇಯರ್. ದಸ್ತಗೀರ್ ಒಂಬತ್ತು ವರ್ಷ ನನ್ನ ಚೈನು ಎಳೆದವನು. ನೂರು ಅಡಿಯ ಕಬ್ಬಿಣದ ಸರಪಣಿ ಅದು. ಮುಂದಿನ ತುದಿ ಹಿಡಿದು ಅವನು ನಡೆಯಬೇಕು, ಹಿಂದಿನ ತುದಿ ಹಿಡಿದು ನಾನು ಹಿಂಬಾಲಿಸಬೇಕು. ಹೀಗಾಗಿ ಒಂಬತ್ತು ವರ್ಷ ನಾನು ಅವನ ಬೆನ್ನು ನೋಡಿದೆ, ಅವನು ನನ್ನ ಬೂಟಿನ ಸದ್ದು ಕೇಳಿದ. ಅವನಿಗೆ ತೊದಲು ಇತ್ತು. ಸಾಹೇಬರು ಎದುರು ನಿಲ್ಲಿಸಿ ಹೆಸರು ಕೇಳಿದರೆ ತನ್ನ ಹೆಸರಿನ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಬೆವರುತ್ತಿದ್ದ. ಚೈನಿನ ಮುಂದೆ ನಡೆಯುವಾಗ ಮಾತ್ರ, ಹಿಂದಿನಿಂದ ನನ್ನ ಹೆಜ್ಜೆ ಒಂದೇ ಸಮನೆ ಬೀಳುತ್ತಿದ್ದರೆ, ಅವನ ಮಾತು ನೀರಿನ ಹಾಗೆ ಹರಿಯುತ್ತಿತ್ತು.

ಮುಂದಿನ ಬಸ್ಸು ಮುಕ್ಕಾಲು ಗಂಟೆ ಬಿಟ್ಟು ಬಂತು. ವಿಜಯನಗರಕ್ಕೆ ಮೂವತ್ತು ಪೈಸೆ. ಬಸವೇಶ್ವರನಗರದ ಕಡೆಯ ಬಯಲು ಕಿಟಕಿಯಿಂದ ಕಾಣಿಸಿತು. ಮನೆಗಳಿನ್ನೂ ಬಂದಿರಲಿಲ್ಲ. ಸೈಟುಗಳ ಮೂಲೆಗೆ ನೆಟ್ಟ ಕಲ್ಲುಗಳು ಮಾತ್ರ ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಎಷ್ಟೋ ಕಲ್ಲುಗಳನ್ನು ನಾವಿಬ್ಬರೇ ನಿಂತು ನೆಡಿಸಿದ್ದೆವು. ಅಂದು ಅವು ನನಗೆ ಸೈಟಿನ ಕಲ್ಲುಗಳಾಗಿ ಕಾಣಲಿಲ್ಲ, ಗೋರಿಗಳ ತಲೆಗಲ್ಲುಗಳಾಗಿ ಕಂಡವು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಗಂಡನಿಗೆ ಬೆರಳು ತೋರಿಸಿ, ನಮ್ಮದು ಮೂರನೆಯ ಸಾಲಿನಲ್ಲಿ ಎಂದು ಸಂತೋಷದಿಂದ ಹೇಳುತ್ತಿದ್ದಳು. ನನಗೆ ಮೈ ಜುಮ್ಮೆಂದಿತು.

ವಿಜಯನಗರದಲ್ಲಿ ಇಳಿದು ಆರ್‌ಪಿಸಿ ಲೇಔಟ್ ಹಾದು ಮೈಸೂರು ರಸ್ತೆಗೆ ನಡೆದೆ. ಎರಡು ಮೈಲಿಗೆ ಸ್ವಲ್ಪ ಕಡಿಮೆ. ಹತ್ತೂವರೆಯ ಬಿಸಿಲಿಗೇ ಬೀದಿಗಳು ಖಾಲಿಯಾಗಿದ್ದವು. ನನ್ನ ಬೂಟಿನ ಸದ್ದು ಎರಡೂ ಕಡೆಯ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಅಷ್ಟು ವರ್ಷ ಅದರ ಜೊತೆಗೇ ನಡೆದರೂ ನಾನು ಅದನ್ನು ಸರಿಯಾಗಿ ಕೇಳಿದ್ದು ಆ ದಿನವೇ.

ಸತ್ತ ಮೇಲಿನ ಕಾಲ, ಜಾಗಗಳ ವಿಷಯ ದಸ್ತಗೀರನಿಗೆ ಬಲು ಪ್ರೀತಿ. ಮಲ್ಲತ್ತಹಳ್ಳಿ ಕೆರೆಯ ಅಂಗಳ ಅಳೆಯುವಾಗ ಒಮ್ಮೆ ಹೇಳಿದ್ದ: ಸತ್ತವರು ಈ ಲೋಕದಲ್ಲೂ ಇರುವುದಿಲ್ಲ, ಆ ಲೋಕಕ್ಕೂ ಹೋಗಿರುವುದಿಲ್ಲ, ನಡುವೆ ಬರ್ಜಖ್ ಎಂಬಲ್ಲಿ ಇರುತ್ತಾರೆ. ಎರಡು ಹೊಲದ ನಡುವಿನ ಬದು ಇದ್ದ ಹಾಗೆ, ಎರಡೂ ಸರ್ವೆ ನಂಬರಿಗೆ ಸೇರದ ಜಾಗ ಅದು. ಅಲ್ಲಿ ಗಡಿಯಾರ ನಡೆಯುವುದು ಬೇರೆ. ಕೊನೆಯ ದಿನ ಎಬ್ಬಿಸಿ ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಿದರೆ, ಸಾವಿರ ವರ್ಷ ಮಲಗಿದವನೂ ಒಂದು ದಿನವೋ ಅರ್ಧ ದಿನವೋ ಎನ್ನುತ್ತಾನಂತೆ. ಮೇಲಿನಿಂದ ನೋಡಿದರೆ ಎಲ್ಲರದೂ ಆರು ಅಡಿಗೆ ಎರಡೂವರೆ ಅಡಿ ಗುಂಡಿಯೇ. ಒಳಗೆ ಮಾತ್ರ ಒಬ್ಬನಿಗೆ ಅದು ಕಣ್ಣು ಹಾಯುವಷ್ಟು ದೂರ ಅಗಲವಾಗುತ್ತದೆ, ಇನ್ನೊಬ್ಬನಿಗೆ ಪಕ್ಕೆಲುಬು ಒಂದರೊಳಗೊಂದು ಹೋಗುವಷ್ಟು ಕಿರಿದಾಗುತ್ತದೆ.

"ಇದನ್ನ ಪ್ಲಾನಲ್ಲಿ ಯಾವ ಸ್ಕೇಲಿಗೆ ತೋರಿಸ್ತೀರ ಸಾರ್?" ಎಂದು ಕೇಳಿ ನಕ್ಕಿದ್ದ.

ಅವನು ನಗದೆ ಹೇಳಿದ್ದು ಇನ್ನೊಂದು. ಮಣ್ಣು ಮಾಡಿ ಹೊರಟವರಲ್ಲಿ ಕೊನೆಯವನು ನಲವತ್ತು ಹೆಜ್ಜೆ ದಾಟಿದ ಕೂಡಲೇ ಇಬ್ಬರು ಫರಿಶ್ತೆಗಳು, ಅಂದರೆ ದೇವದೂತರು, ಬಂದು ಸತ್ತವನನ್ನು ಎಬ್ಬಿಸಿ ಕೂರಿಸುತ್ತಾರೆ. ನಿನ್ನ ದೇವರು ಯಾರು, ನಿನ್ನ ಧರ್ಮ ಯಾವುದು, ನಿನ್ನ ಪ್ರವಾದಿ ಯಾರು ಎಂದು ಕೇಳುತ್ತಾರೆ. ಹೊರಟವರ ಹೆಜ್ಜೆಯ ಸದ್ದು ಅವನಿಗೆ ಕೇಳಿಸುತ್ತಿರುತ್ತದೆ. ನನ್ನ ಹೆಜ್ಜೆ ಎರಡೂವರೆ ಅಡಿ ಎಂದು ಅವನಿಗೆ ಗೊತ್ತಿತ್ತು. ನಲವತ್ತು ಹೆಜ್ಜೆ ಅಂದರೆ ಸರಿಯಾಗಿ ನೂರು ಅಡಿ, ಒಂದು ಚೈನು. ಅವನೇ ಲೆಕ್ಕ ಹಾಕಿ ಹೇಳಿದ್ದ.

ನಮ್ಮಲ್ಲಿ ಇಂಥ ವಿಚಾರಣೆ ಇಲ್ಲ. ನಮ್ಮಪ್ಪನನ್ನು ಕುಳಿತ ಭಂಗಿಯಲ್ಲೇ ಗೂಡಿನೊಳಗೆ ಇಟ್ಟು, ಕೈಗೆ ಲಿಂಗ ಕೊಟ್ಟು, ವಿಭೂತಿ ಹಾಕಿ ಮುಚ್ಚಿದೆವು. ಲಿಂಗೈಕ್ಯನಾದವನನ್ನು ಯಾರು ಏನು ಕೇಳಬೇಕು? ಹಾಗೆಂದು ದಸ್ತಗೀರನಿಗೆ ಹೇಳಿದಾಗ, ನೀವು ಪುಣ್ಯವಂತರು ಎಂದಿದ್ದ.

ಕಾಮಾಲೆ ಬಂದು ಮಲಗಿದವನನ್ನು ನೋಡಲು ಹಿಂದಿನ ಭಾನುವಾರವೇ ಕೆಂಗೇರಿಗೆ ಹೋಗಿದ್ದೆ. ಕಣ್ಣು, ಉಗುರು ಎಲ್ಲ ಅರಿಶಿನವಾಗಿದ್ದವು. ಏನೋ ಹೇಳಲು ಹೊರಟು "ಸ... ಸ..." ಎನ್ನುವುದರಲ್ಲೇ ನಿಂತುಬಿಟ್ಟ. ನನಗೆ ಅರ್ಥವಾಯಿತು. ಎದ್ದು ಆ ಸಣ್ಣ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಬೂಟುಗಾಲಲ್ಲಿ ನಡೆಯತೊಡಗಿದೆ. ಆಗ ಮಾತು ಬಂತು.

"ಉತ್ತರ ಮೂರೂ ಗೊತ್ತು ಸಾರ್. ಬಾಯಿಗೆ ಬರ್ಬೇಕಲ್ಲ. ನೀವು ಕೊನೇಲಿ ಹೊರಡಿ. ಚೈನ್ ಹಿಡ್ಕೊಂಡು ನಡೀತೀರಲ್ಲ, ಹಂಗೇ ನಡೀರಿ. ನಲವತ್ತಾದ್ಮೇಲೂ ನಿಲ್ಲಿಸ್ಬೇಡಿ. ನಿಮ್ಮ ಸದ್ದು ಕೇಳಿಸ್ತಾ ಇದ್ರೆ ನಾನು ಹೇಳ್ಬಿಡ್ತೀನಿ."

ಆಗಲಿ ಎಂದೆ. ಸಾಯುವ ಮಾತು ಬಿಡು ಎಂದು ಗದರಲಿಲ್ಲ. ಗದರಿದ್ದರೆ ಅವನಿಗೆ ಬೇಸರವಾಗುತ್ತಿತ್ತು.

ಮೈಸೂರು ರಸ್ತೆಯ ಬಸ್ಸು ಹತ್ತಿ, ವೃಷಭಾವತಿಯ ವಾಸನೆಗೆ ಮೂಗು ಮುಚ್ಚಿಕೊಂಡು, ಹನ್ನೆರಡಕ್ಕೆ ಕೆಂಗೇರಿಯಲ್ಲಿ ಇಳಿದೆ. ಹೋಟೆಲಿನಲ್ಲಿ ಒಂದು ಟೀ ಕುಡಿದೆ. ನಮಾಜಿನ ನಂತರ ಮೂವತ್ತು ಜನ ಅವನನ್ನು ಹೊತ್ತು ಊರಾಚೆಯ ಖಬರಸ್ತಾನಕ್ಕೆ ನಡೆದರು. ಒಂದು ಸರದಿ ನಾನೂ ಹೆಗಲು ಕೊಟ್ಟೆ. ಗೇಟಿನ ಕಲ್ಲಿನಿಂದ ಗುಂಡಿಯವರೆಗೆ ಅಭ್ಯಾಸಬಲದಿಂದ ಎಣಿಸಿದೆ. ಅರವತ್ತೆರಡು ಹೆಜ್ಜೆ. ಗುಂಡಿಯ ಪಕ್ಕಕ್ಕೆ ಒಳಗೇ ಒಂದು ಗೂಡು ತೋಡಿದ್ದರು. ಅದನ್ನು ನೋಡಿ ನಮ್ಮಪ್ಪನ ಗೂಡು ನೆನಪಾಗಿ ಬಂದ ಅಳುವನ್ನು ತಡೆದುಕೊಂಡೆ. ದಸ್ತಗೀರನ ಅಣ್ಣ ನನ್ನ ಕೈ ಹಿಡಿದು, ನೀವೂ ಹಾಕಿ ಎಂದರು. ಮೂರು ಹಿಡಿ ಮಣ್ಣು ಹಾಕಿದೆ. ಪ್ರಾರ್ಥನೆ ಮುಗಿಯಿತು, ಜನ ಹೊರಟರು. ನನ್ನ ಗಡಿಯಾರದಲ್ಲಿ ಎರಡೂವರೆ. ನಾನು ಆಮೇಲೆ ಬರುತ್ತೇನೆಂದು ಅವನ ಅಣ್ಣನಿಗೆ ಹೇಳಿ ನಿಂತೆ.

ಕೊನೆಯವರು ಗೇಟು ದಾಟಿದ ಮೇಲೆ ಹೊರಟೆ. ಒಂದು, ಎರಡು ಎಂದು ಎಣಿಸುತ್ತ ಒಂದೇ ಸಮನೆ ನಡೆದೆ. ಮೂವತ್ತೊಂಬತ್ತಕ್ಕೆ ನನ್ನ ಕಾಲು ನಿಂತಿತು. ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ಇನ್ನೊಂದು ಹೆಜ್ಜೆ ಇಟ್ಟರೆ ಅವರು ಬರುತ್ತಾರೆ, ಕತ್ತಲೆಯಲ್ಲಿ ಅವನನ್ನು ಕೂರಿಸುತ್ತಾರೆ, ಅವನು ಬೆವರುತ್ತಾನೆ ಎಂಬುದು ಎದುರಿಗೇ ಕಂಡ ಹಾಗಾಯಿತು. ತಿರುಗಿ ಗೋರಿಯ ತನಕ ಬಂದೆ. ಮತ್ತೆ ಹೊರಟೆ, ಮತ್ತೆ ಮೂವತ್ತೊಂಬತ್ತಕ್ಕೆ ನಿಂತೆ. ಹೀಗೆ ನಾಲ್ಕೈದು ಸಲ ಓಡಾಡಿದ್ದು ನೆನಪಿದೆ. ಹತ್ತು ನಿಮಿಷವಾಗಿದ್ದರೆ ಹೆಚ್ಚು. ಗಾಳಿ ಇರಲಿಲ್ಲ, ಹೊಂಗೆಮರದ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ನನ್ನ ಬೂಟು ನೆಲಕ್ಕೆ ಬೀಳುವಾಗ, ಕೆಳಗೆ ಟೊಳ್ಳು ಇದ್ದಂತೆ, ಸದ್ದು ಆಳದಿಂದ ವಾಪಸು ಬರುತ್ತಿತ್ತು. ಗೋರಿಯಿಂದ ಎಷ್ಟು ದೂರ ಹೋದರೂ ಆ ಟೊಳ್ಳು ಮುಗಿಯಲಿಲ್ಲ. ನನಗೆ ಭಯವಾಯಿತು, ಅದರ ಜೊತೆಗೇ ಒಂದು ಸಮಾಧಾನವೂ ಆಯಿತು. ಕೆಳಗೆ ಅವನಿಗೆ ಜಾಗ ಕಿರಿದಾಗಿಲ್ಲ ಅನ್ನಿಸಿತು.

ಅಷ್ಟರಲ್ಲಿ ಊರೊಳಗಿನಿಂದ ಆಜಾನ್ ಕೇಳಿಸಿತು. ಇದೇನು, ಈಗ ತಾನೇ ಮಧ್ಯಾಹ್ನದ್ದು ಮುಗಿಯಿತಲ್ಲ ಎಂದು ಗಡಿಯಾರ ನೋಡಿದೆ. ಐದಕ್ಕೆ ಹತ್ತಿರ. ಮರದ ನೆರಳು ಗೋಡೆ ಹತ್ತಿತ್ತು. ನಾನು ಓಡಾಡಿದಲ್ಲಿ ಒಣಹುಲ್ಲು ಮಣ್ಣಿಗೆ ಅಂಟಿ, ವರ್ಷಗಟ್ಟಲೆ ಸವೆದ ಕಾಲುದಾರಿಯೊಂದು ಬಿದ್ದಿತ್ತು.

ಗುಂಡಿ ತೋಡಿದ್ದ ಬುಡೇನ್ ಸಾಬರು ಗುದ್ದಲಿ ತೆಗೆದುಕೊಂಡು ಹೋಗಲು ಬಂದಿದ್ದರು. ಎಪ್ಪತ್ತು ದಾಟಿದ ಮುದುಕರು. ಗೋಡೆಯ ಬಳಿ ಎಷ್ಟು ಹೊತ್ತಿನಿಂದ ಕೂತಿದ್ದರೋ ಗೊತ್ತಿಲ್ಲ. ನನ್ನನ್ನು ಹತ್ತಿರ ಕರೆದು, ಏನು ಕಳೆದುಕೊಂಡಿರಿ ಎಂದು ವಿಚಾರಿಸಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ.

"ನೀವು ಇಲ್ಲಿ ತಿರುಗಾಡ್ತಾ ಇರೋವರ್ಗೂ ಅವ್ರು ಬರಲ್ಲ ಸಾರ್. ನಿಮಗೆ ಇದು ಎರಡೂವರೆ ಗಂಟೆ, ಅವನಿಗೆ ಎಷ್ಟು ವರ್ಷ ಆಯ್ತೋ. ಆವಾಗಿಂದ ಕಾಯ್ತಾ ಅವ್ನೆ. ಹೋಗಿ. ಅವನು ಹೇಳ್ಲಿ ಬಿಡಿ."

ಅವನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಸಾಹೇಬರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು, ಕರೆಯುವ ಮೊದಲೇ ಅಂಗಿ ಒದ್ದೆ ಮಾಡಿಕೊಳ್ಳುತ್ತಿದ್ದ ದಸ್ತಗೀರನನ್ನು ಒಂಬತ್ತು ವರ್ಷ ನೋಡಿದ್ದವನು ನಾನು. ಅದೇ ಬೆಂಚಿನ ಮೇಲೆ ನಾನೇ ಅವನನ್ನು ಕೂರಿಸಿದ್ದೆ. ಗೋರಿಯ ಬಳಿ ಹೋಗಿ, ತಪ್ಪಾಯಿತು ಕಣಪ್ಪ, ಈಗ ಹೊರಟೆ ಎಂದು ಜೋರಾಗಿಯೇ ಹೇಳಿದೆ.

ಎಣಿಸುತ್ತ ನಡೆದೆ. ಮೂವತ್ತೊಂಬತ್ತು. ನಲವತ್ತು. ಕಾಲು ಇಟ್ಟಲ್ಲಿ ಗೇಟಿನ ಕಲ್ಲಿತ್ತು. ಬರುವಾಗ ಅರವತ್ತೆರಡು ಎಣಿಸಿದ್ದೆ. ನನ್ನ ಹೆಜ್ಜೆ ಅರ್ಧ ಅಂಗುಲ ಹೆಚ್ಚುಕಡಿಮೆಯಾಗುವುದಿಲ್ಲ, ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು. ಮುಂದೆ ಎಂದಾದರೂ ಚೈನು ತೆಗೆದುಕೊಂಡು ಹೋಗಿ ಅಳೆಯಬಹುದಾಗಿತ್ತು. ಅಳೆಯಲಿಲ್ಲ. ನಿಲ್ಲಿಸಬೇಡಿ ಎಂದಿದ್ದನಲ್ಲ, ಅಂದು ನಿಲ್ಲದೆ ಗೇಟು ದಾಟಿದೆ. ಬೆನ್ನಿನ ಹಿಂದೆ ಏನೋ ಬಂದು ನಿಂತ ಹಾಗೆ ಗಾಳಿ ತಣ್ಣಗಾಯಿತು. ಕುತ್ತಿಗೆಯ ಕೂದಲು ನಿಮಿರಿದರೂ ಹಿಂದಿರುಗಿ ನೋಡಲಿಲ್ಲ.

ಖಬರಸ್ತಾನದಿಂದ ಬಸ್ ಸ್ಟಾಪಿಗೆ ಮೂರು ಫರ್ಲಾಂಗು. ಅಷ್ಟೂ ದೂರ ಹೆಜ್ಜೆ ತಪ್ಪಿಸಲಿಲ್ಲ. ಮೆಜೆಸ್ಟಿಕ್ ಬಸ್ಸು ಹೊರಡಲು ನಿಂತಿತ್ತು. ಓಡಿದರೆ ಸದ್ದು ಕೆಡುತ್ತದೆ, ಆದ್ದರಿಂದ ಓಡಲಿಲ್ಲ. ಕಂಡಕ್ಟರ್ ನನ್ನ ನಡಿಗೆ ನೋಡುತ್ತ, ಏನೆಂದುಕೊಂಡನೋ, ಸೀಟಿ ಊದದೆ ಕಾದ. ಹತ್ತಿ ಕಿಟಕಿಯ ಪಕ್ಕ ಕುಳಿತೆ. ಬಸ್ಸು ಹೊರಟಿತು. ಅಲ್ಲಿಗೆ ನನ್ನ ಹೆಜ್ಜೆಯ ಸದ್ದು ನಿಂತಿತು. ಅಷ್ಟರಲ್ಲಿ ಹೇಳಿ ಮುಗಿಸಿದನೋ, ಮೊದಲ ಅಕ್ಷರದಲ್ಲೇ ಉಳಿದನೋ ಎಂದು ಖಬರಸ್ತಾನದ ಕಡೆಗೇ ನೋಡುತ್ತಿದ್ದೆ.

ಕಂಡಕ್ಟರ್ ಬಂದು ಎದುರು ನಿಂತು, ಎಲ್ಲಿಗೆ ಎಂದು ಕೇಳಿದ. ಮೆಜೆಸ್ಟಿಕ್ ಎನ್ನಲು ಬಾಯಿ ತೆರೆದೆ.

"ಮ... ಮ..."

ಮಾತು ಮುಂದೆ ಹೋಗಲಿಲ್ಲ. ಹುಟ್ಟಿದಾಗಿನಿಂದ ನಾನು ಒಂದು ಅಕ್ಷರವನ್ನೂ ತೊದಲಿದವನಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು, ಹಣೆಯಲ್ಲಿ ಬೆವರು ಒಡೆದಿತ್ತು. ಈ ತೊದಲು ಯಾರದ್ದೆಂದು ನನಗೆ ಗೊತ್ತಿತ್ತು. ಅವನು ಇದನ್ನು ಮೇಲೆಯೇ ಬಿಟ್ಟುಹೋಗಿದ್ದಾನೆ, ಅಲ್ಲಿಗೆ ಒಯ್ದಿಲ್ಲ ಎಂದುಕೊಂಡಾಗ ಬೆಳಗಿನಿಂದ ತಡೆದ ದುಃಖವೆಲ್ಲ ಸಂತೋಷವಾಗಿ ಒತ್ತಿಕೊಂಡು ಬಂತು. ಮತ್ತೆ ಪ್ರಯತ್ನಿಸಿದೆ. ಮತ್ತೆ ಅದೇ ಅಕ್ಷರ. ಹಿಂದಿನ ಸೀಟಿನವರು ಇಣುಕಿದರು. ಕಂಡಕ್ಟರ್ ಟಿಕೆಟ್ ಕಟ್ಟನ್ನು ಕೆಳಗಿಳಿಸಿ, ಕಂಬಕ್ಕೆ ಒರಗಿ ನಿಂತುಕೊಂಡ.

"ಅವಸರ ಏನಿಲ್ಲ ಸಾರ್," ಎಂದ. "ನಿಧಾನಕ್ಕೆ ಹೇಳಿ."