ತಗಡಿನ ಮೇಲೆ ಕೊನೆಯ ಆಳು

ಹದಿನಾಲ್ಕು ವರ್ಷ ದುಡಿಸಿಕೊಂಡ ಕಂಪನಿ ಒಂದು ದಿನ ಎಕ್ಸಿಟ್ ಹೊಡೆದು ಮನೆಗೆ ಕಳಿಸಿತು. ಅದಕ್ಕೂ ನನಗೆ ಇಷ್ಟು ಸಿಟ್ಟು ಬರಲಿಲ್ಲ. ಸಿಟ್ಟು ಬರುವುದು ಆ ಬೂದು ಬಣ್ಣದ ಟ್ರ್ಯಾಕ್ಟರ್ ನೆನಪಾದಾಗ. "ಗದ್ದೆ ಉಳುವ ಗಾಡಿ ಅದು. ಅದಕ್ಕೆ ಈಗಲೂ ಹಲ್ಲು ಕಡಿಯುದಾ?" ಎಂದು ಹೆಂಡತಿ ಕೇಳುತ್ತಾಳೆ. ಕಡಿಯುತ್ತೇನೆ. ಯಾಕೆ ಎಂದು ಹೇಳುತ್ತೇನೆ, ಕೇಳಿ.

ನಾನು ಸೌದಿಯ ಯಾನ್ಬುವಿನ ಒಂದು ಪ್ಲಾಂಟಿನಲ್ಲಿ ಡೀಸೆಲ್ ಮೆಕ್ಯಾನಿಕ್ ಆಗಿದ್ದೆ. ವಾರವಿಡೀ ಪಂಪು, ಜನರೇಟರು, ಕ್ರೇನು. ಶುಕ್ರವಾರ ಜುಮಾ ಮುಗಿದರೆ ರೂಮಿನವರೆಲ್ಲ ಬಿರಿಯಾನಿ ಹೊಡೆದು ಮಲಗುವವರು. ನನಗೆ ಹಗಲು ನಿದ್ದೆ ಹತ್ತುವುದಿಲ್ಲ. ಕ್ಯಾಂಪಿಗೆ ಖರ್ಜೂರ ತಂದುಕೊಡುತ್ತಿದ್ದ ಸುಡಾನಿನವನೊಬ್ಬ ಒಮ್ಮೆ, ತನ್ನ ಯಜಮಾನನ ತೋಟದಲ್ಲಿ ನೀರಿನ ಇಂಜಿನ್ ಕೆಟ್ಟಿದೆ, ಬಂದು ನೋಡು ಎಂದ. ಸಮುದ್ರ ಬಿಟ್ಟು ಒಳಗೆ ಒಂದು ಗಂಟೆ ಹೋದರೆ ಬೋಳು ಗುಡ್ಡಗಳ ನಡುವೆ ಖರ್ಜೂರದ ತೋಟಗಳ ಹಳೇ ಊರು. ಇಂಜಿನ್ ಅರ್ಧ ಗಂಟೆಯಲ್ಲಿ ಸರಿಯಾಯಿತು. ಕೈ ತೊಳೆಯಲು ಹೋದವನಿಗೆ ಶೆಡ್ಡಿನಲ್ಲಿ ಮೇವಿನ ಕಟ್ಟುಗಳ ಹಿಂದೆ ಈ ಟ್ರ್ಯಾಕ್ಟರ್ ಕಂಡಿತು. ಇಂಗ್ಲೆಂಡಿನದ್ದು, ನನಗಿಂತ ಹತ್ತು ವರ್ಷವಾದರೂ ಹಿರಿದು. ಸೈಲೆನ್ಸರಿನೊಳಗೆ ಹಕ್ಕಿ ಗೂಡು ಕಟ್ಟಿತ್ತು.

ತೋಟದ ಯಜಮಾನ ಎಪ್ಪತ್ತು ದಾಟಿದ ಮುದುಕ. ಕೆಲಸದವರೆಲ್ಲ 'ಬಾಬಾ' ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಇದನ್ನು ಎಬ್ಬಿಸಬಹುದಾ ಎಂದು ಬಾಬಾ ಕೇಳಿದ. ಎಬ್ಬಿಸಬಹುದು ಎಂದೆ. ಆಗ ಅವನು ಆ ಊರಿನ ಎಳೆಯುವ ಪಂದ್ಯದ ಸಂಗತಿ ಹೇಳಿದ್ದು.

ಚಳಿಗಾಲದ ಶುಕ್ರವಾರಗಳಲ್ಲಿ, ಇಳಿಹೊತ್ತಿನ ಅಸರ್ ನಮಾಜಿನ ಮೊದಲು, ಐದು ತೋಟದವರು ತಮ್ಮ ತಮ್ಮ ಹಳೇ ಟ್ರ್ಯಾಕ್ಟರನ್ನು ಒಣಗಿದ ಹೊಳೆಯ ಪಾತ್ರಕ್ಕೆ ಇಳಿಸುತ್ತಾರೆ. ಯಜಮಾನನ ಹಿರಿಮಗನಿಗಿಂತ ಟ್ರ್ಯಾಕ್ಟರಿಗೆ ವಯಸ್ಸು ಹೆಚ್ಚಿರಬೇಕು, ಅದು ನಿಯಮ. ಅದರ ಹಿಂದೆ ಸಂಕೋಲೆಯಲ್ಲಿ ಒಂದು ದಪ್ಪ ಕಬ್ಬಿಣದ ತಗಡು ಕಟ್ಟುತ್ತಾರೆ, ಹಳೇ ನೀರಿನ ಟಾಂಕಿ ಕತ್ತರಿಸಿ ಮಾಡಿದ್ದು. ತಗಡಿಗೆ ಭಾರ ಎಂತದು ಗೊತ್ತುಂಟಾ? ಮನುಷ್ಯರು! ದಾರಿಯುದ್ದಕ್ಕೂ ಐದೈದು ಹೆಜ್ಜೆಗೆ ಒಬ್ಬನಂತೆ ಇಪ್ಪತ್ತು ಜನ ತೋಟದ ಆಳುಗಳು ನಿಲ್ಲಬೇಕು, ಐದು ಟ್ರ್ಯಾಕ್ಟರಿಗೂ ಅವರೇ. ತಗಡು ತನ್ನೆದುರು ಬಂದಾಗ ಓಡಿ ಹತ್ತಬೇಕು. ಟ್ರ್ಯಾಕ್ಟರ್ ಮುಂದೆ ಹೋದ ಹಾಗೆ ಭಾರ ಏರುತ್ತದೆ. ಇಪ್ಪತ್ತನೆಯವನೂ ಹತ್ತಿದ ಮೇಲೆ ಹತ್ತು ಹೆಜ್ಜೆ ಆಚೆ ಸುಣ್ಣ ಬಳಿದ ಒಂದು ಕಲ್ಲು. ಅದನ್ನು ದಾಟಿದವನು ಗೆದ್ದ. ಯಾರೂ ದಾಟದಿದ್ದರೆ ಹೆಚ್ಚು ದೂರ ಎಳೆದವನು ಗೆದ್ದ. ಒಬ್ಬ ಆಳು ಹತ್ತಲು ತಪ್ಪಿದರೂ ಆ ಟ್ರ್ಯಾಕ್ಟರ್ ಆಟದಿಂದ ಹೊರಗೆ. ಗೆದ್ದ ಯಜಮಾನನಿಗೆ ಊಟದ ಹರಿವಾಣದಲ್ಲಿ ಕುರಿಯ ತಲೆ.

ಕೇಳಿದ ಕೂಡಲೇ ನನಗೆ ಹುಚ್ಚು ಹಿಡಿಯಿತು. ಒಂದು ಸಲ, ಒಂದೇ ಒಂದು ಸಲ, ಅಷ್ಟು ಜನರನ್ನು ಹಿಂದೆ ಕಟ್ಟಿಕೊಂಡು ಆ ಕಲ್ಲು ದಾಟಿಸಬೇಕು, ಸೀಟಿನಲ್ಲಿ ನಾನಿರಬೇಕು. ಬೇರೆ ಆಸೆಯೇ ಇರಲಿಲ್ಲ ಮಾರಾಯ್ರೆ. ವೀಸಾ ಕೊಟ್ಟ ಕಫೀಲನನ್ನು ಬಿಟ್ಟು ಬೇರೆಯವರಲ್ಲಿ ದುಡಿದರೆ ಕೇಸು, ನಿಜ. ಹುಚ್ಚಿಗೆ ಇಕಾಮಾದ ಪರ್ಮಿಟ್ಟು ಬೇಕು ಎಂದು ಯಾರೂ ಹೇಳಿಲ್ಲವಲ್ಲ.

ಎರಡು ಚಳಿಗಾಲ ಅದರ ಹಿಂದೆ ಬಿದ್ದೆ. ಇಂಜಿನ್ ಪೂರ್ತಿ ಬಿಚ್ಚಿದೆ. ಸಿಗದ ಗ್ಯಾಸ್ಕೆಟನ್ನು ತಾಮ್ರದ ಶೀಟಿನಲ್ಲಿ ಕೈಯಾರೆ ಕತ್ತರಿಸಿದೆ. ಎಳೆಯುವಾಗ ಮೂತಿ ಮೇಲೆ ಏಳಬಾರದೆಂದು ಮುಂದಿನ ಬಂಪರಿಗೆ ಕಬ್ಬಿಣದ ಗಟ್ಟಿಗಳನ್ನು ಬಿಗಿದೆ. ಜಿದ್ದಾಕ್ಕೆ ಹೋದಾಗ ಶರಫಿಯಾ ಪೇಟೆಯಲ್ಲಿ ನಮ್ಮ ಕಡೆಯ ಒಬ್ಬ ಟೈಲರನ ಅಂಗಡಿಗೆ ಹೋಗಿ ಸೀಟಿಗೆ ರೆಕ್ಸಿನ್ ಕುಶನ್ ಹೊಲಿಸಿದೆ. "ಇದು ಯಾರ ಅಳತೆಗೆ ಮಾರಾಯ?" ಎಂದು ಅವನು ನಕ್ಕ. "ನನ್ನದಕ್ಕೇ" ಎಂದು ಅವನ ಸ್ಟೂಲಿನ ಮೇಲೆ ಕೂತು ತೋರಿಸಿದೆ.

ಆ ಸೀಟಿನಲ್ಲಿ ಕೂತದ್ದು ಬಾಬಾನ ಮಗ. ಜಿದ್ದಾದಲ್ಲಿ ಆಫೀಸು ಕೆಲಸ, ಶುಕ್ರವಾರ ಇಸ್ತ್ರಿ ಮಾಡಿದ ಬಿಳಿ ತೋಬು ಹಾಕಿಕೊಂಡು ಬರುವವನು. ಕೆಟ್ಟವನೇನಲ್ಲ. ಆದರೆ ಕ್ಲಚ್ ಪೂರ್ತಿ ತುಳಿಯದೆ ಗೇರು ಹಾಕುತ್ತಿದ್ದ. ಗೇರು ಕರಕರ ಎಂದಾಗಲೆಲ್ಲ ನಾನು ಹಲ್ಲು ಕಡಿಯುತ್ತಿದ್ದೆ. ಮೊದಲನೇ ಚಳಿಗಾಲದಲ್ಲಿ ಬಾಬಾನ ಹತ್ತಿರ, ನಾನೊಮ್ಮೆ ಓಡಿಸುತ್ತೇನೆ ಎಂದು ಕೇಳಿದೆ. "ಮುಂದಿನ ಸಲ, ಇನ್ಶಾ ಅಲ್ಲಾ" ಎಂದ. ಮುಂದಿನ ಸಲ ಕೇಳಿದರೆ ಅದೇ ಉತ್ತರ. ಹಳ್ಳಿಯ ಐದು ತೋಟದಲ್ಲೂ ಸೀಟು ಎಂದರೆ ಮನೆಯವರಿಗೇ, ಆಳುಗಳಿಗಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ನಾನು ಆಸೆಯನ್ನಾದರೂ ಬಿಡುತ್ತಿದ್ದೆ. ಇವರು ಇಲ್ಲ ಎನ್ನುವವರಲ್ಲ. ಆ ಒಳ್ಳೆಯತನವೇ ನನ್ನನ್ನು ಕೊಂದದ್ದು.

ಹಾಗಾದರೆ ಪಂದ್ಯದಲ್ಲಿ ನನಗೆಂತ ಕೆಲಸ? ಭಾರ! ನನ್ನ ಮೈ ಸ್ವಲ್ಪ ದಪ್ಪ. ಎಲ್ಲರಿಗಿಂತ ತೂಕದವನು ಕೊನೆಗೆ ನಿಲ್ಲುವುದು ಅಲ್ಲಿಯ ಪದ್ಧತಿ. ಹಾಗಾಗಿ ಇಪ್ಪತ್ತನೆಯ ಆಳು ನಾನು. ನಾನೇ ಜೀವ ಕೊಟ್ಟ ಇಂಜಿನ್ನಿಗೆ ನಾನೇ ಕೊನೆಯ ಹೊರೆ. ಊರಲ್ಲಿದ್ದ ಹೆಂಡತಿಗೆ ಫೋನಿನಲ್ಲಿ ಹೇಳಿದರೆ ಬಿದ್ದು ಬಿದ್ದು ನಕ್ಕಳು. ಅದು ಸೌದಿಯಲ್ಲಿ ಹೆಂಗಸರಿಗೆ ಲೈಸೆನ್ಸ್ ಕೊಡಲು ಶುರುಮಾಡಿದ ವರ್ಷ. "ಅಲ್ಲಿ ಹೆಂಗಸರ ಕೈಗೂ ಸ್ಟೀರಿಂಗ್ ಬಂತಂತೆ, ನಿಮಗಿನ್ನೂ ಬರಲಿಲ್ವಾ?" ಎಂದಳು. ನಾನು ಫೋನ್ ಕಟ್ ಮಾಡಿದೆ.

ಆ ಎರಡನೇ ಚಳಿಗಾಲದಲ್ಲೇ ಕಂಪನಿಯಲ್ಲಿ ಪಟ್ಟಿ ಬಂತು. ಮಾರ್ಚಿಗೆ ಗುತ್ತಿಗೆ ಮುಗಿಯುತ್ತದೆ, ನನಗೆ ಫೈನಲ್ ಎಕ್ಸಿಟ್. ಇನ್ನು ಮುಂದಿನ ಸಲ ಎಂಬುದೇ ಇಲ್ಲ. ಬಾಬಾನಿಗೆ ಹೇಳಿದೆ. ಮುದುಕ ನನ್ನ ಕೈ ಹಿಡಿದು ಹೇಳಿದ: "ಈ ಶುಕ್ರವಾರ ಈ ಚಳಿಗಾಲದ ಕೊನೆಯ ಪಂದ್ಯ, ನಮ್ಮದು ಕಲ್ಲು ದಾಟಲಿ. ಗೆದ್ದ ಟ್ರ್ಯಾಕ್ಟರ್ ಮುಂದಿನ ಶುಕ್ರವಾರ ಆಚೆ ಕಣಿವೆಯವರ ಎದುರು ಎಳೆಯಬೇಕು. ಅಲ್ಲಿ ಸೀಟಿನಲ್ಲಿ ನೀನು. ಅಲ್ಲಾಹನಾಣೆ." ಈ ಸಲ ಅವನು ಇನ್ಶಾ ಅಲ್ಲಾ ಎನ್ನಲಿಲ್ಲ, ಆಣೆಯನ್ನೇ ಇಟ್ಟ. ಆ ವಾರವಿಡೀ ನನಗೆ ಊಟ ಸೇರಲಿಲ್ಲ.

ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಗ್ಯಾರೇಜು ಸೇರುವ ಮೊದಲು ನಾನು ಐದು ವರ್ಷ ಮಂಗಳೂರು ಉಡುಪಿ ಕಡೆಯ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್. ಓಡುವ ಗಾಡಿಗೆ ಹತ್ತುವುದು ನನಗೆ ನೀರು ಕುಡಿದಷ್ಟು ಸಲೀಸು. ಈ ಬಂಗಾಳಿಗಳು, ಪಾಕಿಸ್ತಾನಿಗಳು, ಸುಡಾನಿನವರು ತಗಡಿಗೆ ಹಾರಿ ಮಕಾಡೆ ಬೀಳುತ್ತಿದ್ದರು. ನಾನೇ ಅವರಿಗೆ ಕಲಿಸಿದ್ದು: ಗಾಡಿ ಹೋಗುವ ದಿಕ್ಕಿಗೇ ಮುಖ ಮಾಡಿ ನಾಲ್ಕು ಹೆಜ್ಜೆ ಜೊತೆಗೆ ಓಡಿ, ಆಮೇಲೆ ಕಾಲಿಡಿ, ಮೊದಲೇ ಹತ್ತಿದವನ ಹೆಗಲು ಹಿಡಿಯಿರಿ. ಎಲ್ಲ ಕಲಿತರು. ಹತ್ತಿದವರು ತಗಡಿನ ಹಿಂದಿನ ಅರ್ಧದಲ್ಲೇ ಗುಂಪಾಗಿ ನಿಲ್ಲುತ್ತಿದ್ದರು. ಮುಂದೆ ಹೋದರೆ ಟ್ರ್ಯಾಕ್ಟರಿನ ಹೊಗೆ, ಚಕ್ರ ಎರಚುವ ಮರಳು. ಹಿಂದೆ ನಿಂತದ್ದೇ ಒಳ್ಳೆಯದು, ತಗಡಿನ ಮೂತಿ ಹಗುರಾಗಿ ಮರಳಿನ ಮೇಲೆ ಜಾರುತ್ತದೆ. ಇದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಶುಕ್ರವಾರ ಬಂತು. ನಮಗಿಂತ ಮೊದಲು ನಾಲ್ಕು ಟ್ರ್ಯಾಕ್ಟರ್ ಎಳೆದವು. ಎರಡು ಹದಿನೈದನೇ ಆಳು ಬರುವಾಗಲೇ ಉಸಿರು ಬಿಟ್ಟವು. ಒಂದು ಹದಿನೇಳಕ್ಕೆ. ಪಕ್ಕದ ತೋಟದ ಕೆಂಪು ಟ್ರ್ಯಾಕ್ಟರ್ ಮಾತ್ರ ನನ್ನನ್ನೂ ಹತ್ತಿಸಿಕೊಂಡು ಕಲ್ಲಿಗೆ ಎರಡೇ ಹೆಜ್ಜೆ ಉಳಿದಾಗ ನಿಂತಿತು. ಇನ್ನು ನಮ್ಮದು. ಮಗ ಸೀಟಿಗೆ ಹತ್ತುವ ಮೊದಲು ನಾನು ಅವನ ತೋಬಿನ ತೋಳು ಹಿಡಿದು ಹೇಳಿದೆ: ಒಂದನೇ ಗೇರು, ಆಕ್ಸಿಲರೇಟರ್ ಒಂದೇ ಮಟ್ಟ, ಏನೇ ಆದರೂ ಮಧ್ಯದಲ್ಲಿ ಕ್ಲಚ್ ಮುಟ್ಟಬೇಡ. "ತಯ್ಯಿಬ್, ತಯ್ಯಿಬ್" ಎಂದ. ನಾನು ಓಡಿ ಹೋಗಿ ಕೊನೆಯ ಜಾಗದಲ್ಲಿ ನಿಂತೆ.

ಮಗ ಆ ದಿನ ಒಂದು ತಪ್ಪೂ ಮಾಡಲಿಲ್ಲ. ಹೇಳಬೇಕಾದ್ದನ್ನು ಹೇಳಲೇಬೇಕು. ಟ್ರ್ಯಾಕ್ಟರ್ ಡುಗುಡುಗು ಎನ್ನುತ್ತಾ, ಒಂದು ಸಲವೂ ಸ್ವರ ಬದಲಿಸದೆ ಬಂತು. ಹತ್ತು ಆಳು, ಹನ್ನೆರಡು, ಹದಿನೈದು. ನಾನು ದೂರದಿಂದ ಶಬ್ದ ಕೇಳುತ್ತಿದ್ದೆ. ಆ ಇಂಜಿನ್ನಿನಲ್ಲಿ ಇನ್ನೂ ಶಕ್ತಿ ಉಳಿದಿತ್ತು, ನನಗಲ್ಲದೆ ಬೇರೆ ಯಾರಿಗೆ ಗೊತ್ತಾಗಬೇಕು? ಹದಿನೆಂಟು. ಹತ್ತೊಂಬತ್ತು. ಗೆದ್ದೆ, ಮುಂದಿನ ಶುಕ್ರವಾರ ಸೀಟು ನನ್ನದು ಎಂದೇ ಲೆಕ್ಕ.

ತಗಡು ನನ್ನೆದುರಿಗೆ ಬಂತು. ಜೊತೆಗೆ ಓಡಿದೆ. ಕಾಲಿಡಲು ನೋಡುತ್ತೇನೆ, ಜಾಗವಿಲ್ಲ! ಹತ್ತೊಂಬತ್ತು ಜನ ಹಿಂದಿನ ಅಂಚಿನಲ್ಲಿ ಒತ್ತೊತ್ತಾಗಿ ನಿಂತಿದ್ದಾರೆ, ಬೇರೆ ಸಲ ನನಗೆ ಬಿಡುತ್ತಿದ್ದ ಗೇಣು ಜಾಗವೂ ಈ ಸಲ ಇಲ್ಲ. ಹತ್ತಲು ತಪ್ಪಿದರೆ ಆಟ ಮುಗಿಯಿತು. ಕಾಲ ತುದಿ ಮಾತ್ರ ಹೇಗೋ ಇಟ್ಟು, ಒಬ್ಬನ ಹೆಗಲು ಹಿಡಿದು ನೇತಾಡಿದೆ. ನೇತಾಡಿದ ಆ ಗಳಿಗೆಯಲ್ಲಿ ನನ್ನ ಹೊಟ್ಟೆಯೊಳಗಿಂದ ಒಂದು ಸ್ವರ ಹೊರಟಿತು. ಇಪ್ಪತ್ತು ವರ್ಷ ಸತ್ತಂತೆ ಮಲಗಿದ್ದ ಸ್ವರ.

"ಆಗೇ ಜಾವೋ! ಆಗೇ ಜಾವೋ! ಮುಂದೆ ಹೋಗಿ ಮಾರಾಯ್ರೆ, ಮುಂದೆ ಇಡೀ ಖಾಲಿ ಉಂಟು! ಆಗೇ, ಆಗೇ!"

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂಬುದು ಸುಳ್ಳಲ್ಲ. ಬಸ್ಸಿನಲ್ಲಿ ದಿನಕ್ಕೆ ಸಾವಿರ ಸಲ ಕೂಗಿದರೂ ಒಬ್ಬನೂ ಅಲುಗಾಡುತ್ತಿರಲಿಲ್ಲ. ಬಾಗಿಲಲ್ಲೇ ಬೇರು ಬಿಟ್ಟವರ ಹಾಗೆ ನಿಲ್ಲುವವರು ನಮ್ಮ ಜನ. ಇವರು ಹಾಗಲ್ಲ. ಹತ್ತುವುದು ಹೇಗೆಂದು ಕಲಿಸಿದ ಉಸ್ತಾದ್ ಕೂಗುತ್ತಿದ್ದಾನೆ ಎಂದು ಹತ್ತೊಂಬತ್ತು ಜನವೂ ಒಟ್ಟಿಗೆ, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು, ಮೂರು ಹೆಜ್ಜೆ ಮುಂದೆ ಹೋದರು! ನನಗೆ ಧಾರಾಳ ಜಾಗವಾಯಿತು. ಎರಡೂ ಕಾಲು ಇಟ್ಟು ಸುಖವಾಗಿ ನಿಂತೆ.

ಆಗ ತಗಡಿನ ಮೂತಿ ಕೆಳಗಿಳಿಯಿತು. ನೇಗಿಲು ಊರಿದ ಹಾಗೆ ಮರಳಿಗೆ ಇಳಿಯಿತು. ಎದುರು ಮರಳಿನ ಗುಪ್ಪೆ ಎದ್ದಿತು. ಇಂಜಿನ್ನಿನ ಸ್ವರ ಒಂದು ಸಲ ಕುಸಿಯಿತು, ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ ಗುಂಡಿ ತೋಡಿದವು. "ಹಿಂದೆ! ಪೀಛೇ! ಪೀಛೇ!" ಎಂದು ಬೊಬ್ಬೆ ಹೊಡೆದೆ. ಯಾರು ಕೇಳುತ್ತಾರೆ, ಎಲ್ಲರೂ ಕೆಮ್ಮುತ್ತಿದ್ದರು. ಟ್ರ್ಯಾಕ್ಟರ್ ನಡುಗಿ ನಿಂತುಬಿಟ್ಟಿತು. ಕಲ್ಲಿಗೆ ಇನ್ನೂ ಐದು ಹೆಜ್ಜೆ ಇತ್ತು. ಕೆಂಪು ಟ್ರ್ಯಾಕ್ಟರಿನವರು ಕುಣಿಯತೊಡಗಿದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನದು ಅದೂ ಅಲ್ಲ. ತುತ್ತನ್ನು ನಾನೇ ಕೈಕೊಡವಿ ಬಿಸಾಡಿದ್ದು. ಬೇರೆ ಯಾರಾದರೂ ಮಾಡಿದ್ದರೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮಗ ಕ್ಲಚ್ ತುಳಿದು ಹಾಳುಮಾಡಿದ್ದರೆ ಎಷ್ಟು ಒಳ್ಳೆಯದಿತ್ತು! ಬೈಯಲೂ ಒಬ್ಬನಿಲ್ಲ. ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ನನ್ನ ಬಾಯಿಗೆ ನಾನೇ ಎರಡು ಬಡಿದುಕೊಂಡೆ.

ಬಾಬಾ ಕೋಲೂರಿಕೊಂಡು ಬಂದ. "ಅವರಿಗೆ ಎಂತ ಹೇಳಿದೆ ನೀನು?" ಎಂದು ಕೇಳಿದ. ಹೇಳಿದೆ. "ಯಾಕೆ?" ಎಂದ. ಬಸ್ಸು, ಕಂಡಕ್ಟರ್, ಬಾಗಿಲಲ್ಲಿ ನಿಲ್ಲುವ ಜನ, ಎಲ್ಲ ನನ್ನ ಹರಕು ಅರಬಿಯಲ್ಲಿ ವಿವರಿಸಿದೆ. ಮುದುಕನಿಗೆ ಸಿಟ್ಟು ಬಂದರೆ ಸಾಕಿತ್ತು. ಅವನು ನಕ್ಕ. ಕೋಲಿಗೆ ಹಣೆ ಆನಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮಗನನ್ನು ಕರೆದು ಹೇಳಿದ, ಮಗ ಉಳಿದವರಿಗೆ ಹೇಳಿದ. ಹೊಳೆಯ ಪಾತ್ರವಿಡೀ ನಗು. ನಾನೊಬ್ಬ ನಗಲಿಲ್ಲ.

ಹತ್ತು ಜನ ಸೇರಿ ಟ್ರ್ಯಾಕ್ಟರನ್ನು ಗುಂಡಿಯಿಂದ ತಳ್ಳಿ ಮೇಲೆ ತಂದರು. ಸಂಕೋಲೆ ಬಿಚ್ಚಿದರು. ಗೆದ್ದವರ ತೋಟದಲ್ಲಿ ಹರಿವಾಣ ಇಟ್ಟು ಆಗಿತ್ತು, ಜನ ಅತ್ತ ನಡೆದರು. ಬಾಬಾ ನನ್ನ ಬೆನ್ನು ತಟ್ಟಿ ಸೀಟು ತೋರಿಸಿದ. "ಯಲ್ಲಾ, ನೀನೇ ಶೆಡ್ಡಿಗೆ ಓಡಿಸಿಕೊಂಡು ಹೋಗು. ಸೀಟು ಬೇಕು ಬೇಕು ಅನ್ನುತ್ತಿದ್ದೆಯಲ್ಲ! ಈಗ ಖುಷಿಯಾ?"

ನಾನು ಅವನ ಎರಡೂ ಕೈ ಹಿಡಿದೆ. ಮಾನ ಮರ್ಯಾದೆ ಎಲ್ಲ ಬಿಟ್ಟು ಬೇಡಿದೆ. "ಬಾಬಾ, ಪಂದ್ಯ ಬೇಡ. ಸುಮ್ಮನೆ ತಗಡು ಕಟ್ಟಿ. ಜನರನ್ನು ಒಂದು ಸಲ ನಿಲ್ಲಿಸಿ. ಹತ್ತು ಆಳಾದರೂ ಸಾಕು. ಒಂದೇ ಸಲ ಎಳೆಯುತ್ತೇನೆ."

ಬಾಬಾ ತೋಟದ ಕಡೆ ನೋಡಿದ. "ಅನ್ನ ತಣ್ಣಗಾಗುತ್ತದೆ ಮಗಾ" ಎಂದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಇವನಿಗೆ ಬೇಕಾದ್ದು ಸೀಟು, ಅದನ್ನು ಕೊಟ್ಟಾಯಿತು ಎಂದುಕೊಂಡು ಹೊರಟುಹೋದ.

ಹತ್ತಿ ಕೂತೆ. ಗೇರು ಸದ್ದಿಲ್ಲದೆ ಬಿತ್ತು. ದಂಡೆ ಹತ್ತುವಾಗಲೂ ಇಂಜಿನ್ ಒಂದು ಸಲವೂ ತಿಣುಕಲಿಲ್ಲ. ತೋಟದ ದಾರಿಯಲ್ಲಿ ಮೂರನೇ ಗೇರಿಗೆ ಹಾಕಿದರೆ ತೇಲಿಕೊಂಡು ಹೋಯಿತು. ಎರಡು ಚಳಿಗಾಲದ ಕೆಲಸ, ಎಲ್ಲಿಯೂ ಒಂದು ಕೊರತೆ ಕಾಣಲಿಲ್ಲ. ಎರಡು ಸಲ ಹಿಂದೆ ತಿರುಗಿ ನೋಡಿದೆ. ಧೂಳು ಮಾತ್ರ ಇತ್ತು.

ಸಂಜೆ ಹೆಂಡತಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ಅಂತೂ ಓಡಿಸಿದ್ರಲ್ಲ, ಮತ್ತೆ ಎಂತಕ್ಕೆ ಬೇಜಾರು?" ಎಂದಳು.

"ಖಾಲಿ ಓಡಿಸಿದ್ದು" ಎಂದೆ.

"ಖಾಲಿ ಆದ್ರೆ ಸುಲಭ ಅಲ್ವಾ?"

ಸುಲಭವೇ. ಅಷ್ಟು ಸುಲಭ ಆದದ್ದಕ್ಕೇ ಶೆಡ್ಡಿನ ಬಾಗಿಲು ಹಾಕಿಕೊಂಡು ಅತ್ತೆ ಎಂದು ಅವಳಿಗೆ ಹೇಳಲಿಲ್ಲ.