ಗೌರಿಯ ಮುಲಾಮು

ಮೊಮ್ಮಗಳು ಪಶುವೈದ್ಯ ಕಾಲೇಜಿನಿಂದ ಬಂದರೆ ಅವಳಿಗಿಂತ ಮೊದಲು ಅವಳ ಕೋಟಿನ ಸಗಣಿ ವಾಸನೆ ಒಳಗೆ ಬರುತ್ತದೆ. ಮೊನ್ನೆ ಅದು ಮೂಗಿಗೆ ಬಡಿದದ್ದೇ ತಡ, ನಾನು ಶುರು ಹಚ್ಚಿಕೊಂಡೆ. ನೀವೂ ಕೇಳಿ, ನೆಂಟರಿಷ್ಟರೆಲ್ಲ ಕೇಳಿ ಕೇಳಿ ಸುಸ್ತಾದ ಕಥೆ.

ಐವತ್ತರ ದಶಕ. ನಜರ್‌ಬಾದಿನ ನಮ್ಮ ಮನೆಯಲ್ಲಿ ಆಗ ಇಬ್ಬರು ಬಾಣಂತಿಯರು: ನಾನು ಮತ್ತು ಹಸು ಗೌರಿ. ಮರ್ಯಾದೆ ಗೌರಿಗೆ ಒಂದು ತೂಕ ಹೆಚ್ಚೇ. ಅವಳಿಗೆ ಗೋಗ್ರಾಸ ಇಡದೆ ಅತ್ತೆ ಯಾರ ಎಲೆಗೂ ಅನ್ನ ಬಡಿಸಿದವರಲ್ಲ. ಬಿಸಿ ಅನ್ನ ಅವಳಿಗೆ, ಆರಿದ್ದು ನನಗೆ. ಗೌರಿಗೆ ಕೆಚ್ಚಲು ಬಾವು ಬಂದು ದನದ ಡಾಕ್ಟರು ಪೆನ್ಸಿಲಿನ್ ಮುಲಾಮು ಕೊಟ್ಟಾಗ ಅದೂ ಇದೇ ಲೆಕ್ಕಕ್ಕೆ ಸೇರಿತು. ಬಾವು ಕೊಂಚ ಇಳಿದದ್ದೇ, ಉಳಿದ ಟ್ಯೂಬು ದೇವರ ಗೂಡಿಗೆ ಹೋಯಿತು.

ವಾರದೊಳಗೆ ನನ್ನ ಎಡಮೊಲೆ ಕಲ್ಲಾಯಿತು. ಮೂರು ತಿಂಗಳ ಮಗ ಬಾಯಿಟ್ಟರೆ ನನಗೆ ಜೀವ ಹೋದ ಹಾಗೆ. ಹಾಲು ಕರೆಯುತ್ತಿದ್ದ ಅತ್ತೆ ಎದ್ದು ಬಂದು ಅದೇ ಕೈಯಲ್ಲಿ ಮುಲಾಮು ಬಳಿದರು.

“ಥೂ, ಹಸೂದು ನನಗ್ಯಾಕೆ ಅತ್ತೆ?”

“ಗೌರಿಗ್ ಕೊಟ್ಟು ಉಳ್ದಿದ್ದು ಪರ್ಸಾದ ಕಣಮ್ಮ. ಸುಮ್ಕಿರು!”

ಪ್ರಸಾದ ಕೀವಾಯಿತು. ಆಸ್ಪತ್ರೆಯ ಲೇಡಿ ಡಾಕ್ಟರು ಸೂಜಿ ಮೇಲೆ ಸೂಜಿ ಚುಚ್ಚಿ, “ಪೆನ್ಸಿಲಿನ್‌ಗೆ ಬಗ್ತಾನೇ ಇಲ್ವಲ್ರೀ ಇದು!” ಎಂದು ಕೊನೆಗೆ ಕೊಯ್ದರು. ಜೀವ ಉಳಿಯಿತು, ಆ ಕಡೆಯ ಹಾಲು ನಿಂತೇ ಹೋಯಿತು. ಗೌರಿಗೂ ಒಂದು ಮೊಲೆ ಬತ್ತಿತು. ಮಗ ಅರೆಹೊಟ್ಟೆಯಲ್ಲಿ ಅತ್ತು ಅತ್ತು ಕಡ್ಡಿಯಾದ. ಎಲ್ಲ ಅತ್ತೆಯ ಕೈ ಮಹಿಮೆ ಎಂದು ಎಷ್ಟು ಮದುವೆ ಮನೆಗಳಲ್ಲಿ ನಟಿಸಿ ತೋರಿಸಿ ನಗಿಸಿದ್ದೇನೋ!

ಮೊಮ್ಮಗಳು ನಗಲಿಲ್ಲ.

“ಅದ್ಸರಿ ಅಜ್ಜಿ, ಗೌರಿಗೆ ಎಲ್ಲಿಂದ ಬಂತು? ಈ ರೋಗಾಣು ಮನುಷ್ಯರಿಂದ್ಲೂ ಹಸೂಗೆ ಹೋಗತ್ತೆ, ಗೊತ್ತಾ? ಔಷಧಿ ಅರ್ಧಕ್ಕೇ ಬಿಟ್ಟೋರಿಂದ ಬಂದಿದ್ರೆ ಪೆನ್ಸಿಲಿನ್‌ಗೂ ಬಗ್ಗಲ್ಲ.”

ನಾನು ನನ್ನ ಹೆಬ್ಬೆರಳು ನೋಡಿಕೊಂಡೆ. ಗೌರಿಗೆ ಬಾವು ಬರುವ ಮೊದಲು ನನ್ನ ಹೆಬ್ಬೆರಳಿಗೆ ಉಗುರುಸುತ್ತಾಗಿತ್ತು. ಐದು ಪೆನ್ಸಿಲಿನ್ ಇಂಜೆಕ್ಷನ್ ಬರೆದಿದ್ದರು. ಎರಡಾದ ಮೇಲೆ ಸೂಜಿಗೆ ಹೆದರಿ ಚಕ್ಕರ್ ಹೊಡೆದೆ. ಅತ್ತೆ ಊರಿಗೆ ಹೋಗಿದ್ದ ಆ ವಾರ, ಅದೇ ಹೆಬ್ಬೆರಳಲ್ಲಿ ಗೌರಿಯ ಹಾಲು ಕರೆದವಳೂ ನಾನೇ. ಅವರು ಬಂದು ಕೇಳಿದಾಗ, “ಐದೂ ಆಯ್ತು ಅತ್ತೆ” ಅಂದಿದ್ದೆ.

ಪಾಪ, ಆಮೇಲೆ ಸಾಯುವ ತನಕ ಅತ್ತೆ ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ಮೊದಲು ಎರಡೂ ಕೈ ನನ್ನ ಮುಂದೆ ಚಾಚುತ್ತಿದ್ದರು: “ಸೋಪಾಕಿ ತೊಳ್ದಿವ್ನಿ ಕಣಮ್ಮ, ನೋಡು.” ನಾನು ತಿರುಗಿಸಿ ಮುರುಗಿಸಿ ನೋಡಿ, ದೊಡ್ಡ ಮನಸ್ಸು ಮಾಡಿ ಮಗುವನ್ನು ಕೊಡುತ್ತಿದ್ದೆ.

“ನನ್ನ ಕೈಯಿಂದ ಇರಬೇಕು ಕಣೇ,” ಎಂದೆ ಮೊಮ್ಮಗಳಿಗೆ.

ಅತ್ತೆಗೆ ಹೇಳಬೇಕಿತ್ತು.